ನಡುವೆ ನಿಲ್ಲುತ್ತಿದ್ದ ಹಾಡು: ಮನೆಯೊಳಗಿನ ಬಾನುಲಿಯ ಒಂದು ಚರಿತ್ರೆ



ಕಳೆದ ನಾಲ್ಕು ತಿಂಗಳುಗಳಿಂದ ಈ ಪುಟದಲ್ಲಿ ನಾನು ಏನನ್ನೂ ಬರೆದಿಲ್ಲವೆಂದು ನಿಮ್ಮಲ್ಲಿ ಕೆಲವರು ದೂರವಾಣಿಯಲ್ಲಿ ಆಕ್ಷೇಪಿಸಿದ್ದೀರಿ. ಆರೋಗ್ಯ ಕೆಟ್ಟಿತೇ ಎಂದು ಕಳವಳಪಟ್ಟವರೂ ಉಂಟು. ಅಂಥದ್ದೇನೂ ಇಲ್ಲ. ಮನೆಯಲ್ಲಿ ಒಂದು ಹಾಡು ನಡುನಡುವೆ ನಿಂತುಹೋಗುತ್ತಿತ್ತು. ಅದು ಏಕೆ ನಿಲ್ಲುತ್ತದೆ ಎಂಬುದನ್ನು ಕಂಡುಕೊಳ್ಳುವುದರಲ್ಲಿಯೇ ಈ ಮುದುಕನ ಹೊತ್ತೆಲ್ಲ ಕಳೆಯಿತು.

ನಮ್ಮ ಅಕ್ಕನನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಶಾಲೆಯ ವಾರ್ಷಿಕೋತ್ಸವದ ದಿನ ನಿಮಗೆಲ್ಲ ಕೋಸಂಬರಿ ಹಂಚುತ್ತಿದ್ದವಳು ಅವಳೇ. ಈಗ ಅವಳಿಗೆ ಎಂಬತ್ತೇಳು ವರ್ಷ. ಎರಡು ವರ್ಷಗಳಿಂದ ನೆನಪು ಒಂದೊಂದಾಗಿ ಕಳಚಿಕೊಳ್ಳುತ್ತಿದೆ. ನನ್ನನ್ನು ಒಮ್ಮೊಮ್ಮೆ ಗುರುತಿಸುತ್ತಾಳೆ, ಒಮ್ಮೊಮ್ಮೆ ಯಾರೋ ದಾರಿಹೋಕನೆಂದು ತಿಳಿದು ‘ಕೂತ್ಕೊಳ್ಳಿ’ ಎಂದು ಉಪಚರಿಸುತ್ತಾಳೆ. ಆದರೆ ನಮ್ಮ ತಾಯಿಯ ದನಿಯನ್ನು ಮಾತ್ರ ಅವಳು ಮರೆತಿಲ್ಲ. 1979ರ ಗೌರಿ ಹಬ್ಬದ ದಿನ ನಮ್ಮ ಭಾವನವರು ಟೇಪ್ ರೆಕಾರ್ಡರನ್ನು ಮಣೆಯ ಪಕ್ಕದಲ್ಲಿಟ್ಟು ಅಮ್ಮನ ಆರತಿ ಹಾಡುಗಳನ್ನು, ಸೋಬಾನೆ ಪದಗಳನ್ನು ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ನನ್ನ ತಂಗಿಯ ಮಗ ಅದನ್ನು ಕಂಪ್ಯೂಟರಿಗೆ ಇಳಿಸಿ, ನಡುಮನೆಯಲ್ಲಿ ಒಂದು ಪುಟ್ಟ ಕಂಪ್ಯೂಟರನ್ನೂ ಅಕ್ಕನ ಕೋಣೆಯಲ್ಲಿ ತೆಂಗಿನಕಾಯಿ ಗಾತ್ರದ ನಿಸ್ತಂತು ಸ್ಪೀಕರನ್ನೂ ಇಟ್ಟು, ಬೆಳಿಗ್ಗೆ ಆರೂವರೆಗೆ ಹಾಡು ತಾನಾಗಿಯೇ ಮೊದಲಾಗುವಂತೆ ಏರ್ಪಡಿಸಿ ಊರಿಗೆ ಹೋದ.

ಮೊದಲ ದಿನ ಅಕ್ಕ ಹಾಡಿಗೆ ತಾಳ ಹಾಕಿದಳು. ಎರಡನೆಯ ದಿನ ಒಂದು ಸಾಲಿನ ನಡುವೆ ಹಾಡು ಥಟ್ಟನೆ ನಿಂತಿತು. ಅಕ್ಕ ಗಾಬರಿಯಿಂದ ಬಾಗಿಲ ಕಡೆಗೆ ನೋಡಿ, “ಅಮ್ಮ ಯಾಕೋ ನಿಲ್ಲಿಸಿಬಿಟ್ಟಳು? ಎದ್ದು ಹೋದಳೇನೋ?” ಎಂದು ಕೇಳಿದಳು. ಅಂದಿನಿಂದ ಹಾಡು ನಿಂತಾಗಲೆಲ್ಲ ಅದೇ ಪ್ರಶ್ನೆ. ಯಂತ್ರ ಕೆಟ್ಟಿದೆಯೆಂದು ಹೇಳಿದರೆ ಅವಳಿಗೆ ಅರ್ಥವಾಗುತ್ತಿರಲಿಲ್ಲ. ಅವಳ ಪಾಲಿಗೆ ಪ್ರತಿ ಸಲವೂ ಅಮ್ಮನೇ ಎದ್ದು ಹೋಗುತ್ತಿದ್ದಳು. ಆದ್ದರಿಂದ ಈ ದೋಷವನ್ನು ಹೇಗಾದರೂ ಸರಿಪಡಿಸಲೇಬೇಕೆಂದು ನಾನು ಪಣತೊಟ್ಟೆ. ನಾನು ಸಮಾಜ ವಿಜ್ಞಾನದ ಮೇಷ್ಟ್ರು. ಯಂತ್ರಗಳ ವಿದ್ಯೆ ನನ್ನದಲ್ಲ. ಆದರೆ ಯಾವುದೇ ಸಂಗತಿಯ ಹಿಂದೆ ಒಂದು ಚರಿತ್ರೆ ಇರುತ್ತದೆಂದು ಮೂವತ್ತಮೂರು ವರ್ಷ ನಿಮಗೆ ಪಾಠ ಹೇಳಿದವನು. ನಮ್ಮ ಮನೆಯ ಈ ಸಣ್ಣ ತೊಂದರೆಯ ಹಿಂದೆಯೂ ಅಂಥದೊಂದು ಚರಿತ್ರೆ ಸಿಕ್ಕಿತು. ಅದನ್ನೇ ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಹಳೆಯ ಏರಿಯಲ್ಲಿನ ಕಾಲ

ನಾನು ಹುಡುಗನಾಗಿದ್ದಾಗ ನಮ್ಮ ಹಳ್ಳಿಗೆಲ್ಲ ಒಂದೇ ರೇಡಿಯೋ ಇದ್ದದ್ದು ಪಟೇಲರ ಮನೆಯಲ್ಲಿ. ಹೆಂಚಿನ ಮೇಲೆ ಎರಡು ಬಿದಿರು ಗಳುಗಳನ್ನು ನಿಲ್ಲಿಸಿ ಅವುಗಳ ನಡುವೆ ತಾಮ್ರದ ಜಾಲರಿಯ ಏರಿಯಲ್ಲನ್ನು ಬಿಗಿದಿದ್ದರು. ಇನ್ನೊಂದು ತಂತಿ ಗೋಡೆಯಗುಂಟ ಇಳಿದು ಬಚ್ಚಲಿನ ಹಿಂದೆ ನೆಲದೊಳಗೆ ಸೇರುತ್ತಿತ್ತು. ಬೇಸಗೆಯಲ್ಲಿ ದನಿ ಕರಕರ ಎಂದರೆ ಪಟೇಲರು “ಲೋ, ಅರ್ತಿಗೆ ಒಂದು ಬಿಂದಿಗೆ ನೀರು ಹುಯ್ಯಿರೋ” ಎಂದು ಕೂಗುತ್ತಿದ್ದರು. ನಾವು ಹುಡುಗರು ಓಡಿಹೋಗಿ ನೀರು ಹುಯ್ಯುತ್ತಿದ್ದೆವು. ದನಿ ತುಸು ತಿಳಿಯಾಗುತ್ತಿತ್ತು. ನಿಸ್ತಂತು ವಾದ್ಯವೊಂದರ ದೋಷವನ್ನು ನಾನು ಸರಿಪಡಿಸಿದ್ದು ಅದೇ ಮೊದಲು.

ಆ ಪೆಟ್ಟಿಗೆಯನ್ನು ಇಟ್ಟುಕೊಳ್ಳುವುದಕ್ಕೂ ಸರ್ಕಾರದ ಪರವಾನಗಿ ಬೇಕಾಗಿತ್ತೆಂದರೆ ನಿಮ್ಮ ಮಕ್ಕಳು ನಂಬಲಾರರು. 1933ರ ಭಾರತೀಯ ನಿಸ್ತಂತು ತಂತಿ ಕಾಯಿದೆಯ ಪ್ರಕಾರ ರೇಡಿಯೋ ಉಳ್ಳವರು ಅಂಚೆ ಕಚೇರಿಗೆ ಹೋಗಿ ವರ್ಷವರ್ಷವೂ ಶುಲ್ಕ ಕಟ್ಟಿ ಲೈಸೆನ್ಸ್ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಈ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ. ಆಕಾಶದಲ್ಲಿ ಹರಿಯುವ ಅಲೆಗಳೆಲ್ಲ ಸರ್ಕಾರದ ಸೊತ್ತು, ಕೇಳುವವನೂ ಅಪ್ಪಣೆ ಪಡೆಯಬೇಕು ಎಂಬುದೇ ಆ ಕಾಲದ ಭಾವನೆ. ಈ ಲೈಸೆನ್ಸ್ ಪುಸ್ತಕವನ್ನು ನೆನಪಿನಲ್ಲಿಡಿ. ಮುಂದೆ ಮತ್ತೆ ಅಲ್ಲಿಗೆ ಬರುತ್ತೇನೆ.

ಮೈಸೂರಿನವರಾದ ನಾವು ಇನ್ನೊಂದು ಸಂಗತಿಯನ್ನೂ ಮರೆಯಬಾರದು. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಾದ ‘ವಿಠಲ ವಿಹಾರ’ದಿಂದಲೇ ಒಂದು ಬಾನುಲಿ ನಿಲಯವನ್ನು ಆರಂಭಿಸಿದರು. ಅದರ ಪ್ರೇಷಕದ ಶಕ್ತಿ ಕೇವಲ 30 ವಾಟ್. ‘ಆಕಾಶವಾಣಿ’ ಎಂಬ ಹೆಸರು ಆ ನಿಲಯದಿಂದಲೇ ಪ್ರಸಿದ್ಧವಾಯಿತು; ಮುಂದೆ ಅದು ಇಡೀ ದೇಶದ ಬಾನುಲಿಯ ಹೆಸರಾಯಿತು. ಒಬ್ಬ ಮೇಷ್ಟ್ರು ತನ್ನ ಮನೆಯ ಕೋಣೆಯಿಂದ ಊರಿಗೆಲ್ಲ ದನಿ ಕಳುಹಿಸಿದ ಕಥೆ ಅದು.

ಇಂದು ನಮ್ಮ ನಿಮ್ಮ ಮನೆಗಳಲ್ಲಿ ಮಿಣುಕುದೀಪಗಳನ್ನು ಹೊತ್ತು ಕುಳಿತಿರುವ ರೌಟರ್ ಎಂಬ ಡಬ್ಬಿಯೂ ಒಂದು ಬಾನುಲಿ ನಿಲಯವೇ. ಅದರ ಶಕ್ತಿ ಸಾಮಾನ್ಯವಾಗಿ ಒಂದು ವಾಟಿನ ಹತ್ತನೆಯ ಒಂದು ಭಾಗದಷ್ಟು; ಅಂದರೆ ಗೋಪಾಲಸ್ವಾಮಿಯವರ ನಿಲಯದ ಮುನ್ನೂರನೆಯ ಒಂದು ಪಾಲು. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರದ ಅಲೆಯ ಉದ್ದ ಸುಮಾರು 490 ಮೀಟರು. ಅಂಥ ಅಲೆಗೆ ಮನೆ, ಮರ, ದಿಣ್ಣೆ ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ರೌಟರಿನ 2.4 ಗಿಗಾಹರ್ಟ್ಸ್ ಅಲೆಯ ಉದ್ದವಾದರೋ ಹನ್ನೆರಡೂವರೆ ಸೆಂಟಿಮೀಟರು, ಒಂದು ಗೇಣಿಗಿಂತ ಕಡಿಮೆ. ಇಷ್ಟು ಚಿಕ್ಕ ಅಲೆ ಬಹುಮಟ್ಟಿಗೆ ಬೆಳಕಿನಂತೆ ನಡೆದುಕೊಳ್ಳುತ್ತದೆ. ಕಬ್ಬಿಣದ ಬೀರುವಿನ ಹಿಂದೆ ಅದಕ್ಕೂ ನೆರಳುಂಟು. ನೀರು ತುಂಬಿದ ಡ್ರಮ್ಮು ಅದನ್ನು ಹೀರಿಕೊಳ್ಳುತ್ತದೆ. ದಪ್ಪ ಗೋಡೆ ಅದನ್ನು ಬಳಲಿಸುತ್ತದೆ. ನಮ್ಮ ಮನೆಯ ಗೋಡೆಗಳು ಒಂದೂವರೆ ಅಡಿ ದಪ್ಪ. ರೌಟರನ್ನು ನಾವು ಇಟ್ಟಿದ್ದದ್ದು, ಅಂದಗೆಡದಿರಲೆಂದು, ಬೀರುವಿನ ಹಿಂದೆ!

ನೋಟ್ ಪುಸ್ತಕ

ಮೊದಲು ಎಲ್ಲರೂ ಹೇಳಿದ್ದು ಒಂದೇ ಮಾತು: “ಇಂಟರ್ನೆಟ್ ನಿಧಾನ.” ಹೆಚ್ಚು ಹಣ ಕೊಟ್ಟು ವೇಗದ ಸಂಪರ್ಕ ಪಡೆದೆವು. ಹಾಡು ಮೊದಲಿನಂತೆಯೇ ನಿಲ್ಲುತ್ತಿತ್ತು. ಆಗ 1986ರ ಎಸ್.ಎಸ್.ಎಲ್.ಸಿ. ತಂಡದ ಒಬ್ಬ ಹುಡುಗ (ಈಗ ಅವನಿಗೂ ತಲೆ ನೆರೆತಿದೆ) ನಮ್ಮನ್ನು ನೋಡಲು ಬಂದಿದ್ದ. ದೂರಸಂಪರ್ಕದ ಕೆಲಸದಲ್ಲಿ ಬಹಳ ವರ್ಷ ಇದ್ದವನು. ಅವನು ಮಾಡಿದ ಮೊದಲ ಕೆಲಸವೆಂದರೆ ಹೊರಗಿನಿಂದ ಬರುವ ಇಂಟರ್ನೆಟ್ ತಂತಿಯನ್ನೇ ಕಿತ್ತು ಪಕ್ಕಕ್ಕಿಟ್ಟದ್ದು. ಹಾಡು ನಿಲ್ಲಲಿಲ್ಲ!

“ಸಾರ್, ಅಜ್ಜಿಯ ಹಾಡು ಇರೋದು ನಡುಮನೆಯಲ್ಲಿ, ಕೇಳೋದು ಹಿಂದಿನ ಕೋಣೆಯಲ್ಲಿ. ಅದು ಮನೆಯಿಂದ ಆಚೆಗೆ ಹೋಗೋದೇ ಇಲ್ಲ. ಹೊರಗಿನ ವೇಗ ಕಟ್ಟಿಕೊಂಡು ಏನಾಗಬೇಕು?” ಎಂದ. ನಾಚಿಕೆಯಾಯಿತು. ಊರೊಳಗಿನ ಜಗಳಕ್ಕೆ ಹೆದ್ದಾರಿಯನ್ನು ಅಗಲ ಮಾಡಿಸಿದಂತಾಗಿತ್ತು ನಮ್ಮ ಚಿಕಿತ್ಸೆ.

ಹೊರಡುವ ಮುನ್ನ ಅವನು ಒಂದು ಮಾತು ಹೇಳಿದ: “ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ಸಾರ್. ನಿಂತ ಹೊತ್ತನ್ನು ಬರೆದಿಡಿ.” ನಾನು ನೂರು ಪುಟದ ಒಂದು ನೋಟ್ ಪುಸ್ತಕ ತಂದು ಗೆರೆ ಎಳೆದು ದಿನಾಂಕ, ಗಂಟೆ, ಎಷ್ಟು ಹೊತ್ತು ನಿಂತಿತು, ಆಗ ಮನೆಯಲ್ಲಿ ಏನು ನಡೆಯುತ್ತಿತ್ತು ಎಂದು ನಾಲ್ಕು ಕಲಮು ಮಾಡಿದೆ. ಮೂರು ವಾರಗಳಲ್ಲಿ 46 ಸಲ ಹಾಡು ನಿಂತಿತ್ತು. ಪುಸ್ತಕವನ್ನು ಒಮ್ಮೆಗೇ ಓದಿದಾಗ ಕಂಡದ್ದೇನೆಂದರೆ, ದೋಷ ಒಂದಲ್ಲ, ಮೂರು. ಬೆಳಿಗ್ಗೆ ಆರೂ ಮುಕ್ಕಾಲರ ಆಸುಪಾಸಿನಲ್ಲಿ ಒಂದೆರಡು ನಿಮಿಷದ ನಿಲುಗಡೆ. ಸಂಜೆ ಏಳರಿಂದ ಹತ್ತರವರೆಗೆ ಚೂರುಚೂರಾಗಿ ತೊದಲುವಿಕೆ. ಕರೆಂಟು ಹೋಗಿ ಬಂದ ದಿನಗಳಲ್ಲಿ ಸ್ಪೀಕರೇ ಕಾಣೆಯಾಗುವುದು. ಮೂರಕ್ಕೂ ಮೂರು ಬೇರೆಬೇರೆ ಚರಿತ್ರೆಗಳಿದ್ದವು.

ಮೊದಲನೆಯ ದೋಷ: ಗೋಮಾಳದ ಕಥೆ

ಬೆಳಗಿನ ನಿಲುಗಡೆಯ ಎದುರಿಗೆ ನಾಲ್ಕನೆಯ ಕಲಮಿನಲ್ಲಿ ನಾನು ಬರೆದಿದ್ದದ್ದು ಬಹುತೇಕ ಒಂದೇ: ‘ಸೊಸೆ ಅಕ್ಕನಿಗೆ ಹಾಲು ಬಿಸಿ ಮಾಡುತ್ತಿದ್ದಳು.’ ನಮ್ಮ ಅಡುಗೆಮನೆ ನಡುಮನೆಗೂ ಅಕ್ಕನ ಕೋಣೆಗೂ ನಡುವೆ ಇದೆ. ಹಾಲು ಬಿಸಿಯಾಗುವುದು ಮೈಕ್ರೋವೇವ್ ಓವನ್ನಿನಲ್ಲಿ. ಒಂದು ಲೋಟ ನೀರನ್ನು ಅದರೊಳಗಿಟ್ಟು ಎರಡು ನಿಮಿಷ ಓಡಿಸಿ ನೋಡಿದೆ. ಕೆಲವೇ ಕ್ಷಣಗಳಲ್ಲಿ ಅಮ್ಮನ ಹಾಡು ನಿಂತಿತು. ಓವನ್ನು ‘ಟಿಂಗ್’ ಎಂದ ಮೇಲೆ ಮತ್ತೆ ಬಂತು. ಅಕ್ಕನ ಮೇಲಿನ ಅಕ್ಕರೆಯೇ ಅಕ್ಕನ ಹಾಡನ್ನು ನಿಲ್ಲಿಸುತ್ತಿತ್ತು!

ಇದರ ಮೂಲ ಎರಡನೆಯ ಮಹಾಯುದ್ಧದಲ್ಲಿದೆ. ರಾಡಾರ್ ಯಂತ್ರಗಳಿಗಾಗಿ ಮ್ಯಾಗ್ನೆಟ್ರಾನ್ ಎಂಬ ಕೊಳವೆಗಳನ್ನು ತಯಾರಿಸುತ್ತಿದ್ದ ಅಮೆರಿಕದ ರೇಥಿಯಾನ್ ಕಂಪನಿಯಲ್ಲಿ ಪರ್ಸಿ ಸ್ಪೆನ್ಸರ್ ಎಂಬ ಎಂಜಿನಿಯರ್ ಇದ್ದರು. 1945ರ ಸುಮಾರಿನಲ್ಲಿ ಅಂಥದೊಂದು ಕೊಳವೆಯ ಬಳಿ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಮಿಠಾಯಿ ಕರಗಿತೆಂಬುದು ಪ್ರಸಿದ್ಧವಾದ ಕಥೆ. ಅದರಿಂದ ಅಡುಗೆಯ ಓವನ್ ಹುಟ್ಟಿತು. 1947ರಲ್ಲಿ ಬಂದ ಮೊದಲ ಓವನ್ ಆಳೆತ್ತರವಿದ್ದು, ತೂಕ 300 ಕಿಲೋಗಿಂತ ಹೆಚ್ಚಿತ್ತು. ಅದೇ 1947ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ ಸೇರಿದ ಅಂತರರಾಷ್ಟ್ರೀಯ ದೂರಸಂಪರ್ಕ ಸಮ್ಮೇಳನವು ಲೋಕದ ಬಾನುಲಿ ಅಲೆಗಳನ್ನು ಹಂಚಿಕೊಡುವಾಗ 2.45 ಗಿಗಾಹರ್ಟ್ಸ್ ಸುತ್ತಲಿನ ಪಟ್ಟಿಯನ್ನು ಕೈಗಾರಿಕೆ, ವಿಜ್ಞಾನ, ವೈದ್ಯಕೀಯ ಯಂತ್ರಗಳಿಗೆಂದು ಬಿಟ್ಟುಕೊಟ್ಟಿತು. ಕಾಯಿಸುವ, ಒಣಗಿಸುವ ಯಂತ್ರಗಳು ಅಲ್ಲಿ ಎಷ್ಟು ಗದ್ದಲ ಮಾಡಿದರೂ ಯಾರೂ ದೂರುವಂತಿಲ್ಲ. ನಮ್ಮ ಕಂದಾಯದ ಭಾಷೆಯಲ್ಲಿ ಹೇಳುವುದಾದರೆ ಅದು ಖರಾಬು ಜಮೀನು, ಸಾಗುವಳಿಗೆ ಬಾರದ್ದು.

ಸುಮಾರು ನಲವತ್ತು ವರ್ಷ ಅದು ಹಾಗೆಯೇ ಇತ್ತು. 1985ರ ಮೇ ತಿಂಗಳಿನಲ್ಲಿ ಅಮೆರಿಕದ ಸಂಪರ್ಕ ಆಯೋಗವು ಒಂದು ವಿಚಿತ್ರ ತೀರ್ಮಾನ ಮಾಡಿತು. ಇದರ ಹಿಂದೆ ದುಡಿದವರು ಆಯೋಗದಲ್ಲಿದ್ದ ಮೈಕೆಲ್ ಮಾರ್ಕಸ್ ಎಂಬ ಎಂಜಿನಿಯರ್. ಈ ಖರಾಬಿನಲ್ಲಿ ಯಾರು ಬೇಕಾದರೂ, ಲೈಸೆನ್ಸ್ ಇಲ್ಲದೆ, ಕಡಿಮೆ ಶಕ್ತಿಯ ಪ್ರೇಷಕವನ್ನು ಇಟ್ಟುಕೊಳ್ಳಬಹುದು; ಸಂದೇಶವನ್ನು ಪಟ್ಟಿಯಗಲಕ್ಕೂ ಹರಡಿ ಕಳುಹಿಸಬೇಕು; ಅಲ್ಲಿನ ಗದ್ದಲವನ್ನು ಸಹಿಸಿಕೊಳ್ಳಬೇಕು. ಅಂದರೆ ಖರಾಬು ಜಮೀನು ಊರವರ ಗೋಮಾಳವಾಯಿತು. ಲೈಸೆನ್ಸ್ ಇಲ್ಲದೆ ಸಿಕ್ಕ ಈ ನೆಲದ ಮೇಲೆಯೇ 1997ರಲ್ಲಿ ‘802.11’ ಎಂಬ ಸಂಖ್ಯೆಯ ಮೊದಲ ವೈಫೈ ನಿಯಮಾವಳಿ ಬಂದಿತು. ಆಗಿನ ಗರಿಷ್ಠ ವೇಗ ಸೆಕೆಂಡಿಗೆ 2 ಮೆಗಾಬಿಟ್. 1999ರಲ್ಲಿ 11 ಮೆಗಾಬಿಟ್ ಆಯಿತು.

ನಮ್ಮ ದೇಶದಲ್ಲಿ 2005ರ ಜನವರಿಯಲ್ಲಿ ಕೇಂದ್ರ ಸರ್ಕಾರವು ಈ ಪಟ್ಟಿಯ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿತು. ಅಂಚೆ ಕಚೇರಿಯ ಲೈಸೆನ್ಸ್ ಪುಸ್ತಕವನ್ನು ಕಂಡ ನನ್ನಂಥವನಿಗೆ ಇದು ಸಣ್ಣ ಮಾತಲ್ಲ. ನನ್ನ ಬಾಲ್ಯದಲ್ಲಿ ಕೇಳುವುದಕ್ಕೂ ಅಪ್ಪಣೆ ಬೇಕಿತ್ತು. ಈಗ ನಮ್ಮ ಮನೆಯ ಡಬ್ಬಿ ಯಾರ ಅಪ್ಪಣೆಯೂ ಇಲ್ಲದೆ ಪ್ರಸಾರವನ್ನೇ ಮಾಡುತ್ತದೆ. ಆದರೆ ಆ ನಿಯಮದಲ್ಲಿಯೂ ಒಂದು ಷರತ್ತುಂಟು: ಇನ್ನೊಬ್ಬರಿಂದ ಅಡಚಣೆಯಾದರೆ ರಕ್ಷಣೆಯನ್ನು ಕೇಳುವಂತಿಲ್ಲ. ಗೋಮಾಳದಲ್ಲಿ ನಿಮ್ಮ ಹಸುವನ್ನು ಕಟ್ಟಿದ ಮೇಲೆ ಪಕ್ಕದವನ ಎಮ್ಮೆಯ ಮೇಲೆ ದೂರು ಕೊಡುವುದು ಹೇಗೆ?

ಓವನ್ನಿನೊಳಗೆ ಕೆಲಸ ಮಾಡುವ ಶಕ್ತಿ ಸುಮಾರು 700ರಿಂದ 1000 ವಾಟ್. ಬಾಗಿಲ ಸಂದಿಯಿಂದ ಅದರ ಅತ್ಯಲ್ಪ ಅಂಶ ಸೋರಿದರೂ, ಅದು ಮೈಗೆ ಹಾನಿಯಿಲ್ಲದಷ್ಟೇ ಇದ್ದರೂ, ರೌಟರಿನ ಪಿಸುಮಾತನ್ನು ಮುಚ್ಚಿಹಾಕಲು ಸಾಕು. ಓವನ್ನನ್ನು ಅಡುಗೆಮನೆಯ ಆಚೆ ಮೂಲೆಗೆ ಸರಿಸಿದೆವು. ಅಕ್ಕನ ಹಾಲು ಈಗ ಗ್ಯಾಸ್ ಒಲೆಯ ಮೇಲೆ ಕಾಯುತ್ತದೆ. ಬೆಳಗಿನ ನಿಲುಗಡೆ ಅಂದಿಗೆ ಮುಗಿಯಿತು.

ಎರಡನೆಯ ದೋಷ: ಸರದಿಯ ಕಥೆ

ಸಂಜೆಯ ತೊದಲುವಿಕೆಗೆ ಕಾರಣ ನೆರೆಹೊರೆ. ಎದುರಿನ ಖಾಲಿ ನಿವೇಶನದಲ್ಲಿ ಎದ್ದಿರುವ ಮಹಡಿ ಮನೆಗಳಿಂದಲೂ ಸೇರಿ ನಮ್ಮ ಪಡಸಾಲೆಯಲ್ಲಿ ಕುಳಿತರೆ 14 ಮನೆಗಳ ವೈಫೈ ಹೆಸರುಗಳು ಕಾಣುತ್ತವೆ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ನಮ್ಮ ದೇಶದಲ್ಲಿ 13 ಚಾನಲ್ಲುಗಳಿವೆಯೆಂದು ಹೇಳುತ್ತಾರಾದರೂ ಅವು ಒಂದರ ಮೇಲೊಂದು ಬಿದ್ದಿವೆ. ಪರಸ್ಪರ ತಾಕದಂತೆ ಇರಬಲ್ಲವು 1, 6 ಮತ್ತು 11 ಎಂಬ ಮೂರು ಮಾತ್ರ. ನಮ್ಮ ಬೀದಿಯಲ್ಲಿ ಒಂಬತ್ತು ಮನೆಯವರು 6ರಲ್ಲಿಯೇ ಇದ್ದರು, ನಾವೂ ಅಲ್ಲಿಯೇ.

ಹೀಗೆ ಹಲವರು ಒಂದೇ ಅಲೆಯಲ್ಲಿ ಮಾತಾಡುವುದು ಸಾಧ್ಯವಾದುದಾದರೂ ಹೇಗೆ? 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದ ನಾರ್ಮನ್ ಅಬ್ರಾಮ್ಸನ್ ಮತ್ತು ಅವರ ಸಂಗಡಿಗರು ದ್ವೀಪದ್ವೀಪಗಳ ನಡುವಿನ ಗಣಕಗಳನ್ನು ರೇಡಿಯೋದಿಂದ ಜೋಡಿಸಿದರು. ಅದರ ಹೆಸರು ‘ಅಲೋಹಾನೆಟ್’. ಎಲ್ಲರಿಗೂ ಒಂದೇ ದಾರಿ. ಹೇಳುವುದಿದ್ದವನು ಹೇಳಿಬಿಡುವುದು, ಇಬ್ಬರ ಮಾತು ಡಿಕ್ಕಿಯಾಗಿ ಉತ್ತರ ಬಾರದಿದ್ದರೆ, ಪ್ರತಿಯೊಬ್ಬನೂ ತನಗೆ ತೋಚಿದಷ್ಟು ಹೊತ್ತು ಕಾಯ್ದು ಮತ್ತೆ ಹೇಳುವುದು. ಇಷ್ಟೇ ನಿಯಮ. ಲೆಕ್ಕ ಹಾಕಿದಾಗ ಇಂಥ ದಾರಿಯಲ್ಲಿ ನೂರಕ್ಕೆ ಸುಮಾರು 18 ಪಾಲು ಮಾತ್ರ ಸಾರ್ಥಕವಾಗಿ ಬಳಕೆಯಾಗುವುದೆಂದು ತಿಳಿಯಿತು. ವೈಫೈಯವರು ಅದಕ್ಕೆ ಇನ್ನೊಂದು ಸೌಜನ್ಯವನ್ನು ಸೇರಿಸಿಕೊಂಡರು: ಮಾತಾಡುವ ಮುನ್ನ ಕಿವಿಗೊಡು, ಯಾರಾದರೂ ಮಾತಾಡುತ್ತಿದ್ದರೆ ತಡೆದುಕೋ.

ಎಂಟನೆಯ ತರಗತಿಯಲ್ಲಿ ನಾನು ನಿಮಗೆ ಹೇಳುತ್ತಿದ್ದುದೂ ಇದನ್ನೇ ಅಲ್ಲವೇ? ಹತ್ತು ಮಕ್ಕಳಿದ್ದರೆ ಈ ಸೌಜನ್ಯ ಸಾಕು. ಅರವತ್ತು ಮಕ್ಕಳಾದರೆ ಎಲ್ಲರೂ ಸಭ್ಯರಾಗಿದ್ದರೂ ಸರದಿ ಬರುವುದು ತಡ. ಸಂಜೆ ಎಲ್ಲರ ಮನೆಯಲ್ಲಿಯೂ ಚಲನಚಿತ್ರ ಓಡುವಾಗ ನಮ್ಮ ರೌಟರಿಗೆ ಆಗುತ್ತಿದ್ದುದು ಅದೇ. ನೆರೆಯವರು ಯಾರೂ ತಪ್ಪು ಮಾಡಿರಲಿಲ್ಲ.

ಪತ್ರವೊಂದು ಅರ್ಧ ಸೆಕೆಂಡು ತಡವಾದರೆ ಯಾರಿಗೂ ತಿಳಿಯದು, ಹಾಡಿಗೆ ಹಾಗಲ್ಲ. ಹಾಡು ಸಾವಿರಾರು ಸಣ್ಣ ಪೊಟ್ಟಣಗಳಾಗಿ ಹೊರಟು ಮತ್ತೆ ಕೂಡಿಕೊಳ್ಳುತ್ತದೆ. 1974ರಲ್ಲಿ ಡ್ಯಾನಿ ಕೊಹೆನ್ ಮುಂತಾದವರು ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಮನುಷ್ಯನ ಮಾತನ್ನು ಪೊಟ್ಟಣಗಳಾಗಿ ಕಳುಹಿಸಿ ನೋಡಿದಾಗಲೇ ಒಂದು ಸತ್ಯ ಹೊಳೆಯಿತು: ತಡವಾಗಿ ಬಂದ ಮಾತು ಬಂದೂ ವ್ಯರ್ಥ. ಕಳೆದ ಪ್ರತಿ ಪೊಟ್ಟಣವನ್ನೂ ಮತ್ತೆ ತರಿಸಿಕೊಂಡು ಕಾಯುತ್ತ ಕೂರುವ ಕ್ರಮ ಪತ್ರಕ್ಕೆ ಸರಿ, ಮಾತಿಗೆ ಸಲ್ಲದು. ಈ ವಾದದ ಫಲವಾಗಿ 1978ರಲ್ಲಿ ಜಾಲದ ನಿಯಮಗಳನ್ನು ಎರಡಾಗಿ ಬೇರ್ಪಡಿಸಿ, 1980ರಲ್ಲಿ ‘ಯು.ಡಿ.ಪಿ.’ ಎಂಬ ಕಾಯದೆ ಸಾಗುವ ಕ್ರಮವೊಂದನ್ನು ನಿಶ್ಚಯಿಸಿದರು. ಇನ್ನೊಂದು ಉಪಾಯ, ಮುಂಚಿತವಾಗಿ ಒಂದೆರಡು ಸೆಕೆಂಡಿನ ಹಾಡನ್ನು ಸ್ಪೀಕರಿನಲ್ಲಿ ಸಂಗ್ರಹಿಸಿಟ್ಟುಕೊಳ್ಳುವುದು. ಮನೆಯ ಮೇಲಿನ ನೀರಿನ ತೊಟ್ಟಿಯಂತೆ. ನಲ್ಲಿ ನಿಂತರೂ ತುಸು ಹೊತ್ತು ನಡೆಯುತ್ತದೆ. ತೊಟ್ಟಿ ಬರಿದಾದಾಗ ಹಾಡು ನಿಲ್ಲುತ್ತದೆ.

ಹೀಗಾಗಿ ಇಲ್ಲಿ ವೇಗಕ್ಕಿಂತ ಹೊತ್ತಿಗೆ ಸರಿಯಾಗಿ ತಲುಪುವುದು ಮುಖ್ಯ. ಒಂದು ಸಿ.ಡಿ.ಯ ಸಂಗೀತವೇ ಸೆಕೆಂಡಿಗೆ ಸುಮಾರು 1,411 ಕಿಲೋಬಿಟ್. ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬರ್ಗ್ ಮೊದಲಾದವರು ರೂಪಿಸಿದ ಎಂಪಿ3 ವಿಧಾನದಲ್ಲಿ ಅಮ್ಮನ ಹಾಡು ಸೆಕೆಂಡಿಗೆ 128 ಕಿಲೋಬಿಟ್ಟಿನಲ್ಲಿ ಅಡಗಿದೆ. 1999ರ ವೈಫೈಗೂ ಅದು ಹೊರೆಯಲ್ಲ. ಅಂಗಡಿಯವರು ಮಾರುವ ವೇಗದಿಂದ ನಮಗೆ ಏನೂ ಪ್ರಯೋಜನವಾಗದಿದ್ದುದು ಇದಕ್ಕೇ.

ಪರಿಹಾರವಾಗಿ 5 ಗಿಗಾಹರ್ಟ್ಸ್ ಪಟ್ಟಿಗೆ ಹೋದೆವು. ಅಲ್ಲಿ ಚಾನಲ್ಲುಗಳು ಹೆಚ್ಚು, ಜನ ವಿರಳ; 2018ರ ಅಕ್ಟೋಬರಿನಲ್ಲಿ ನಮ್ಮ ಸರ್ಕಾರ ಆ ಗೋಮಾಳವನ್ನು ಇನ್ನಷ್ಟು ವಿಸ್ತರಿಸಿದೆ. ಆದರೆ ಅಲೆ ಇನ್ನೂ ಚಿಕ್ಕದು. ಒಂದೂವರೆ ಅಡಿ ಗೋಡೆಗಳೆರಡನ್ನು ದಾಟುವಷ್ಟರಲ್ಲಿ ಅದಕ್ಕೆ ಉಸಿರು ಕಟ್ಟಿತು. ಅದರ ಮೇಲೆ ಗೋಡೆಗಳಿಂದ ಪುಟಿದು ಬರುವ ಮಾರ್ದನಿಗಳ ಕಾಟ ಬೇರೆ. ಮನೆಯೊಳಗಿನ ಈ ಮಾರ್ದನಿಯ ಸಮಸ್ಯೆಯನ್ನು ಬಿಡಿಸಿದವರಲ್ಲಿ ಪ್ರಮುಖರು ಆಸ್ಟ್ರೇಲಿಯಾದ ಸಿ.ಎಸ್.ಐ.ಆರ್.ಒ. ಸಂಸ್ಥೆಯ ಜಾನ್ ಒ’ಸಲಿವನ್ ಮತ್ತು ಸಂಗಡಿಗರು. ಅವರು ಮೊದಲು ರೇಡಿಯೋ ಖಗೋಳ ವಿಜ್ಞಾನದಲ್ಲಿ ದುಡಿದ ಎಂಜಿನಿಯರ್. ಸ್ಫೋಟಿಸುವ ಕಿರು ಕಪ್ಪುಕುಳಿಗಳಿಂದ ಬರಬಹುದಾದ ರೇಡಿಯೋ ಮಿಡಿತವನ್ನು ಹುಡುಕಿ, ಅದು ಸಿಗದೆ, ಆ ಹುಡುಕಾಟದ ಗಣಿತವನ್ನು ಮುಂದೆ ಕೋಣೆಯೊಳಗಿನ ಮಾರ್ದನಿಗಳಿಗೆ ಅನ್ವಯಿಸಿದರು. ಆಕಾಶದಲ್ಲಿ ಹುಡುಕಿದ್ದು ಮನೆಯೊಳಗೆ ಉಪಯೋಗಕ್ಕೆ ಬಂತು. ಇಷ್ಟಾದರೂ ಮಾರ್ದನಿಯನ್ನು ಬಿಡಿಸಲು ಬರುತ್ತದೆಯೇ ಹೊರತು, ತಲುಪದ ಅಲೆಯನ್ನು ತಲುಪಿಸಲು ಬರುವುದಿಲ್ಲ.

ಮೂರನೆಯ ದೋಷ: ಹಾಜರಿಯ ಕಥೆ

ಕರೆಂಟು ಹೋಗಿ ಬಂದ ಮೇಲೆ ಸ್ಪೀಕರ್ ಕಾಣೆಯಾಗುವುದು ನನ್ನನ್ನು ಹೆಚ್ಚು ಕಾಡಿತು. ದೀಪ ಉರಿಯುತ್ತಿರುತ್ತದೆ, ಕಂಪ್ಯೂಟರು ಮಾತ್ರ ಅದನ್ನು ಗುರುತಿಸುವುದಿಲ್ಲ. ಅಕ್ಕ ನನ್ನನ್ನು ಗುರುತಿಸದಿದ್ದ ಹಾಗೆ.

ಜಾಲದಲ್ಲಿರುವ ಪ್ರತಿ ಯಂತ್ರಕ್ಕೂ ಒಂದು ವಿಳಾಸ ಬೇಕು. ಮೊದಲು ಅದನ್ನು ಕೈಯಿಂದಲೇ ಬರೆಯುತ್ತಿದ್ದರು. 1993ರಲ್ಲಿ ‘ಡಿ.ಎಚ್.ಸಿ.ಪಿ.’ ಎಂಬ ನಿಯಮ ಬಂದ ಮೇಲೆ ವಿಳಾಸವನ್ನು ಬಾಡಿಗೆಗೆ ಕೊಡುವ ಪದ್ಧತಿ ರೂಢಿಯಾಯಿತು. ಬಾಡಿಗೆಯ ಮನೆ ಬದಲಾಗುವಂತೆ ವಿಳಾಸವೂ ಬದಲಾಗಬಹುದು. ಹಾಗಿರುವಾಗ ಸ್ಪೀಕರನ್ನು ಹುಡುಕುವುದು ಹೇಗೆ? 2002ರಲ್ಲಿ ಆ್ಯಪಲ್ ಕಂಪನಿ ತನ್ನ ಗಣಕಗಳಲ್ಲಿ ಒಂದು ವಿಧಾನವನ್ನು ತಂದಿತು. ಕಂಪ್ಯೂಟರು ಇಡೀ ಜಾಲಕ್ಕೆ ಕೇಳುವಂತೆ ‘ಇಲ್ಲಿ ಹಾಡುವವರು ಯಾರಿದ್ದೀರಿ?’ ಎಂದು ಕೂಗುತ್ತದೆ. ಸ್ಪೀಕರ್ ‘ನಾನಿದ್ದೇನೆ’ ಎನ್ನುತ್ತದೆ. 2004ರಲ್ಲಿ ಅದೇ ಕಂಪನಿ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ಸಾಧನದಿಂದ ಮನೆಯ ಸ್ಟೀರಿಯೋಗೆ ನಿಸ್ತಂತುವಾಗಿ ಹಾಡು ಕಳುಹಿಸುವ ಅನುಕೂಲವನ್ನೂ ತಂದಿತು. ಇಂದಿನ ಬಹುತೇಕ ನಿಸ್ತಂತು ಸ್ಪೀಕರುಗಳು ಇಂಥ ಕೂಗು-ಓಗೊಡುವಿಕೆಯನ್ನೇ ನೆಚ್ಚಿಕೊಂಡಿವೆ.

ಇದು ಹಾಜರಿ ಕರೆಯುವುದಲ್ಲದೆ ಇನ್ನೇನು? ಆದರೆ ಈ ಕೂಗು ಒಂದು ತರಗತಿಯ ಗೋಡೆಯನ್ನು ದಾಟುವುದಿಲ್ಲ. ನನ್ನ ಮೊಮ್ಮಗ, ಅಲೆ ಕ್ಷೀಣವಾಗಿದೆಯೆಂದು, ಹಿಂದಿನ ಕೋಣೆಯ ಬಳಿ ಇನ್ನೊಂದು ಹಳೆಯ ರೌಟರನ್ನು ತಂದಿಟ್ಟಿದ್ದ. ಅದು ತನ್ನದೇ ವಿಳಾಸಗಳನ್ನು ಹಂಚುತ್ತ ಮನೆಯೊಳಗೆ ಎರಡನೆಯ ಜಾಲವನ್ನು ಹೂಡಿತ್ತು. ಕರೆಂಟು ಬಂದಾಗ ಸ್ಪೀಕರ್ ಕೆಲವೊಮ್ಮೆ ಅದಕ್ಕೆ ಅಂಟಿಕೊಳ್ಳುತ್ತಿತ್ತು. 8ನೇ ‘ಎ’ ವಿಭಾಗದಲ್ಲಿ ನಾನು ಹಾಜರಿ ಕರೆಯುತ್ತಿದ್ದರೆ ಹುಡುಗ ‘ಬಿ’ ವಿಭಾಗದಲ್ಲಿ ಕುಳಿತಿದ್ದಾನೆ! ಎರಡನೆಯ ಡಬ್ಬಿಯ ವಿಳಾಸ ಹಂಚುವ ಅಧಿಕಾರವನ್ನು ಕಿತ್ತುಕೊಂಡು, ಅದು ಬರಿಯ ಅಲೆಯನ್ನು ಮುಟ್ಟಿಸುವಂತೆ ಮಾಡಿದೆವು. ಸ್ಪೀಕರಿಗೆ ಒಂದು ಖಾಯಂ ವಿಳಾಸವನ್ನು ರೌಟರಿನಲ್ಲಿ ಬರೆದಿಟ್ಟೆವು. ಅಂದಿನಿಂದ ಅದು ಗೈರುಹಾಜರಾಗಿಲ್ಲ.

ಕೊನೆಗೆ ತಂತಿ

ಉಳಿದದ್ದು ಸಂಜೆಯ ತೊದಲು. ಅದಕ್ಕೆ ನಮ್ಮ ಹಳೆಯ ವಿದ್ಯಾರ್ಥಿಯೇ ಔಷಧ ಹೇಳಿದ. ನಡುಮನೆಯ ರೌಟರಿನಿಂದ ಅಕ್ಕನ ಕೋಣೆಯವರೆಗೆ 22 ಮೀಟರು ತಂತಿಯನ್ನು ಅಟ್ಟದ ಮೇಲಿನಿಂದ ಎಳೆದು ಎರಡನೆಯ ಡಬ್ಬಿಗೆ ಜೋಡಿಸಿದೆವು. ಪುಟ್ಟ ಕಂಪ್ಯೂಟರಿಗೂ ತಂತಿಯನ್ನೇ ಕೊಟ್ಟೆವು. ಈಗ ಅಮ್ಮನ ಹಾಡು ಗೋಡೆಗಳನ್ನೆಲ್ಲ ತಂತಿಯಲ್ಲಿ ದಾಟಿ, ಕೊನೆಯ ಆರು ಅಡಿ ಮಾತ್ರ 5 ಗಿಗಾಹರ್ಟ್ಸ್ ಗಾಳಿಯಲ್ಲಿ ಸಾಗುತ್ತದೆ. ಅಟ್ಟ ಹತ್ತಿ ತಂತಿ ಹಿಡಿದು ನಿಂತಿದ್ದಾಗ ಪಟೇಲರ ಮನೆಯ ಏರಿಯಲ್ಲು ನೆನಪಾಯಿತು. ನಿಸ್ತಂತು ಎಂಬ ಹೆಸರಿನ ಈ ವಿದ್ಯೆ ಅಂದೂ ತಂತಿಯನ್ನು ಬಿಟ್ಟಿರಲಿಲ್ಲ, ಇಂದೂ ಬಿಟ್ಟಿಲ್ಲ.

ನಿಮ್ಮ ಮನೆಗಳಲ್ಲಿಯೂ ಹಾಡು ತೊದಲಿದರೆ ನಾನು ಕಲಿತದ್ದನ್ನು ಈ ಕ್ರಮದಲ್ಲಿ ಮಾಡಿ ನೋಡಿರಿ. ಹಾಡು ಮನೆಯೊಳಗೇ ಇದ್ದರೆ ಹೊರಗಿನ ಇಂಟರ್ನೆಟ್ ತಂತಿಯನ್ನು ಕಿತ್ತು, ದೋಷ ಒಳಗಿನದೋ ಹೊರಗಿನದೋ ತಿಳಿಯಿರಿ. ನಿಂತ ಹೊತ್ತನ್ನು ಬರೆದಿಡಿ. ರೌಟರನ್ನು ಬೀರುವಿನ ಹಿಂದಿನಿಂದ ತೆಗೆದು ಎತ್ತರದಲ್ಲಿ, ತೆರೆದ ಜಾಗದಲ್ಲಿಡಿ. ಓವನ್ನಿನಲ್ಲಿ ನೀರಿಟ್ಟು ಪರೀಕ್ಷಿಸಿ. 1, 6, 11ರಲ್ಲಿ ಜನ ಕಡಿಮೆಯಿರುವ ಚಾನಲ್ಲನ್ನು ಹಿಡಿಯಿರಿ. ಹತ್ತಿರವಿದ್ದರೆ 5 ಗಿಗಾಹರ್ಟ್ಸ್ ಲೇಸು. ಸ್ಪೀಕರ್ ಕಾಣದಿದ್ದರೆ ಫೋನು ಮತ್ತು ಸ್ಪೀಕರ್ ಒಂದೇ ಜಾಲದಲ್ಲಿವೆಯೇ ನೋಡಿ. ಅತಿಥಿಗಳಿಗೆಂದು ಮಾಡಿದ ಜಾಲದಲ್ಲಿದ್ದರೆ ಒಂದಕ್ಕೊಂದು ಕಾಣುವುದಿಲ್ಲ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಎಲ್ಲಕ್ಕಿಂತ ಮೊದಲು, ಅಟ್ಟದ ಮೇಲೆ ಹಳೆಯ ಕ್ಯಾಸೆಟ್ಟುಗಳಿದ್ದರೆ ಟೇಪು ಅಂಟಿಹೋಗುವ ಮುನ್ನ ಇಳಿಸಿಟ್ಟುಕೊಳ್ಳಿ. ಸ್ಪೀಕರು ಅಂಗಡಿಯಲ್ಲಿ ಸಿಗುತ್ತದೆ. ಅಮ್ಮಂದಿರ ದನಿ ಸಿಗುವುದಿಲ್ಲ.

ನನ್ನ ನೋಟ್ ಪುಸ್ತಕದಲ್ಲಿ ಕಳೆದ ಐದು ವಾರಗಳಲ್ಲಿ ಎರಡೇ ಸಾಲುಗಳಿವೆ. ಎರಡೂ ದಿನ ಕರೆಂಟು ಹೋಗಿ, ಯು.ಪಿ.ಎಸ್. ಕೂಡ ಮುಗಿದಿತ್ತು. ಎರಡನೆಯ ಸಲ ಹಾಡು ನಿಂತಾಗ ನಾನು ಅಕ್ಕನ ಪಕ್ಕದಲ್ಲಿಯೇ ಇದ್ದೆ. ಅದೇ ಪ್ರಶ್ನೆ ಬಂತು. “ಬರ್ತಾಳೆ ಅಕ್ಕ, ದೀಪಕ್ಕೆ ಎಣ್ಣೆ ಹಾಕೋಕೆ ಎದ್ದಿದ್ದಾಳೆ” ಎಂದೆ. ಅವಳು ಒಪ್ಪಿಕೊಂಡು ಮಡಿಲಲ್ಲಿ ಕೈಯಿಟ್ಟು ಕಾದಳು. ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು, ಹಾಡೂ ಬಂತು.

ಎಲ್ಲರಿಗೂ ಶುಭವಾಗಲಿ.

— ನಿಮ್ಮ ಮೇಷ್ಟ್ರು